ಮೊದಲು ಪಾಸ್‌ಪೋರ್ಟ್ ಸರಿಮಾಡಿಕೋ

ಬದಿಯಡ್ಕ

ಪ್ರೀತಿಯ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆನಡಾದಲ್ಲಿ ಹೆಸರು ಬದಲಾಯಿಸುತ್ತೇನೆ ಅಂತ ಬರೆದೆಯಲ್ಲ, ಅದನ್ನು ಓದಿ ನಿನ್ನ ಅಪ್ಪ ಮುಖ ಊದಿಸಿಕೊಂಡು ಕೂತಿದ್ದಾನೆ. ಅವನನ್ನು ನನಗೆ ಬಿಡು. ಇಟ್ಟ ಹೆಸರು, ಅಜ್ಜಿಯ ಹೆಸರು ಅಂತ ಅವನು ಹೇಳುವುದನ್ನೆಲ್ಲ ನಾನು ಹೇಳುವುದಿಲ್ಲ. ವಿಲೇಜ್ ಆಫೀಸಿನಲ್ಲಿ ಕೂತು ಮುದುಕನಾದವನು ನಾನು. ಹೆಸರು ಅಂದರೆ ನನಗೆ ಮೊದಲು ನೆನಪಾಗುವುದು ಕಾಗದಪತ್ರ.

ನೀನು ಒಟ್ಟಿಗೆ ಎರಡು ಕೆಲಸ ಮಾಡಲು ಹೊರಟಿದ್ದೀ. ಸರ್‌ನೇಮ್ ಸೇರಿಸುವುದು ಒಂದು, ಉದ್ದದ ಹೆಸರನ್ನು ಕಾನೂನು ಪ್ರಕಾರ ಚಿಕ್ಕದು ಮಾಡುವುದು ಇನ್ನೊಂದು. ಮೊದಲನೆಯದನ್ನು ಮಾಡು. ಎರಡನೆಯದು ಬೇಡ.

ನೀನು ಕಳಿಸಿದ ಪಾಸ್‌ಪೋರ್ಟ್ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಸರ್‌ನೇಮ್ ಅನ್ನುವಲ್ಲಿ ಏನೂ ಇಲ್ಲ. ಕೆಳಗಿನ ಗೆರೆಯಲ್ಲಿ ನಿನ್ನ ಹೆಸರೊಂದೇ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಎರಡು ಇನಿಶಿಯಲ್ ಇತ್ತು, ಒಂದು ಮನೆಯದು, ಒಂದು ಅಪ್ಪನದು. ಪಾಸ್‌ಪೋರ್ಟಿಗೆ ಅರ್ಜಿ ತುಂಬಿದವರು ಎರಡನ್ನೂ ಬಿಟ್ಟಿದ್ದಾರೆ. ನಮ್ಮ ಕಡೆ ಇಂಥ ಪಾಸ್‌ಪೋರ್ಟ್ ಬೇಕಾದಷ್ಟಿವೆ. ಗಲ್ಫಿಗೆ ಹೋಗುವವರಿಗೆ ಅದರ ಬಿಸಿ ತಟ್ಟಿದ್ದು 2022ರ ನವೆಂಬರ್‌ನಲ್ಲಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬರಬೇಡಿ ಅಂತ ಯುಎಇ ಹೇಳಿಬಿಟ್ಟಿತು. ನಿನ್ನ ಅಣ್ಣ ಆಗಲೇ ಓಡಾಡಿ ಮನೆ ಹೆಸರನ್ನು ಸರ್‌ನೇಮ್ ಮಾಡಿಸಿಕೊಂಡ. ನೀನಾಗ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಗಡಿಬಿಡಿಯಲ್ಲಿದ್ದೆ.

ಕೆನಡಾದವರು ನಿನ್ನನ್ನು ತಡೆಯಲಿಲ್ಲ, ಸರಿ. ಆದರೆ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ ಅವರು ಅದನ್ನು ಸರ್‌ನೇಮ್ ಜಾಗಕ್ಕೆ ಹಾಕಿ ಹೆಸರಿನ ಜಾಗ ಖಾಲಿ ಬಿಡುತ್ತಾರೆ. ನಿನ್ನ ಸ್ಟಡಿ ಪರ್ಮಿಟ್ ಬಂದದ್ದೂ ಹಾಗೇ ಅಲ್ವಾ? ಪಾಸ್‌ಪೋರ್ಟ್ ಹೀಗೇ ಇದ್ದರೆ ಪಿಆರ್ ಕಾರ್ಡೂ, ಅಂದರೆ ಅಲ್ಲಿ ಕಾಯಂ ಇರಲು ಕೊಡುವ ಕಾರ್ಡೂ ಹಾಗೇ ಬರುತ್ತದೆ. ಬ್ಯಾಂಕಿಗೆ ಹೋದಾಗಲೆಲ್ಲ ಅದೇ ಕಥೆ ಹೇಳುತ್ತಾ ಕೂರಬೇಕು.

ಒಂಟಾರಿಯೊ ಪ್ರಾಂತ್ಯದಲ್ಲಿ 12 ತಿಂಗಳು ಇದ್ದವರು 137 ಡಾಲರ್ ಕಟ್ಟಿ ಹೆಸರು ಬದಲಾಯಿಸಿಕೊಳ್ಳಬಹುದು, ಅದೇ ಸುಲಭ ಅಂತ ಬರೆದಿದ್ದೀ. ಸುಲಭವೇ. ಆದರೆ ಆ ಸರ್ಟಿಫಿಕೇಟ್ ಬಂತು ಅಂತ ನಿನ್ನ ಇಂಡಿಯನ್ ಪಾಸ್‌ಪೋರ್ಟಿನಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಪಿಆರ್ ಅರ್ಜಿಯಲ್ಲಿ ಬರೆಯಬೇಕಾದ್ದು ಪಾಸ್‌ಪೋರ್ಟಿನಲ್ಲಿರುವ ಹೆಸರು. ಲೈಸೆನ್ಸಿನಲ್ಲಿ ಒಂದು ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಅಂತಾದರೆ ನಿನಗೆ ನೀನೇ ಸಾಕ್ಷಿ ಹುಡುಕಬೇಕಾಗುತ್ತದೆ.

ಹಾಗಾಗಿ ಪಾಸ್‌ಪೋರ್ಟ್ ಮೊದಲು. ಅಫಿಡವಿಟ್ ಮಾಡಿಸಬೇಕು. ಎರಡು ಪೇಪರಿನಲ್ಲಿ ಜಾಹೀರಾತು ಕೊಡಬೇಕು, ಒಂದು ಊರಿನ ವಿಳಾಸದ ಕಡೆಯದು, ಇನ್ನೊಂದು ಈಗಿನ ವಿಳಾಸದ ಕಡೆಯದು. ಊರಿನದನ್ನು ನಾನು ನೋಡಿಕೊಳ್ಳುತ್ತೇನೆ. ಜಾಹೀರಾತನ್ನು ಕತ್ತರಿಸಿ ಇಡುವುದಲ್ಲ, ಇಡೀ ಪುಟ ತೆಗೆದಿಡು. ತಾರೀಕು, ಪೇಪರಿನ ಹೆಸರು ಎಲ್ಲ ಕಾಣಬೇಕು. ಆಮೇಲೆ ಕಾನ್ಸುಲೇಟ್ ಮೂಲಕ ರೀಇಶ್ಯೂ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತದೆ, ಕೆನಡಾದವರಲ್ಲಿರುವ ನಿನ್ನ ಪ್ರೊಫೈಲಿನಲ್ಲೂ ಅದನ್ನು ತಿದ್ದಬೇಕು. ಇಲ್ಲಿನ ಪೊಲೀಸ್ ಕ್ಲಿಯರೆನ್ಸಿಗೂ ಆಮೇಲೇ ಅರ್ಜಿ ಹಾಕು. ಅದು ಬರುವುದು ಪಾಸ್‌ಪೋರ್ಟಿನ ಹೆಸರು, ನಂಬರಿನ ಮೇಲೆ.

ಈಗ ನೀನು ಎಕ್ಸ್‌ಪ್ರೆಸ್ ಎಂಟ್ರಿ ಪೂಲ್‌ನಲ್ಲಿ, ಅಂದರೆ ಪಿಆರ್‌ಗೆ ಅರ್ಜಿ ಹಾಕಿ ಅಂತ ಕೆನಡಾದವರು ಕರೆಯಲಿ ಅಂತ ಕಾಯುವವರ ಪಟ್ಟಿಯಲ್ಲಿ ಇದ್ದೀ. ಇದೇ ಒಳ್ಳೆಯ ಹೊತ್ತು. ಇನ್ವಿಟೇಶನ್ ಬಂದ ಮೇಲೆ ಅರ್ಜಿ ಕಳಿಸಲು ಸಿಗುವುದು 60 ದಿನ. ನೀನು ಕಾನ್ಸುಲೇಟಿಗೆ ಕೊಡುವ ಮೊದಲೇ ಅದು ಬಂತು ಅಂತಿಟ್ಟುಕೋ. ಆಗ ಹೆಸರಿಗೆ ಕೈ ಹಾಕಬೇಡ. ಈಗಿನ ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಅರ್ಜಿ ಹಾಕು, ಪಿಆರ್ ಕೈಗೆ ಬಂದ ಮೇಲೆ ನೋಡೋಣ. ಒಂದು ತೊಂದರೆ ಇದ್ದೇ ಇದೆ. ಪಿಆರ್ ಆದಾಗ ಕೊಡುವ ಕನ್ಫರ್ಮೇಶನ್ ಕಾಗದವನ್ನು, ತಪ್ಪು ಅವರದ್ದಲ್ಲದಿದ್ದರೆ ಆಮೇಲೆ ತಿದ್ದಿಕೊಡುವುದಿಲ್ಲ. ಅದರಲ್ಲಿ ಹಳೆಯ ಹೆಸರೇ ಉಳಿಯುತ್ತದೆ. ಹೆಸರು ಬದಲಾದ ದಾಖಲೆಯನ್ನು ಅದರ ಜೊತೆ ಇಟ್ಟುಕೊಂಡರೆ ಆಯಿತು. ಆಕಾಶ ಬೀಳುವುದಿಲ್ಲ. ಅದಕ್ಕೇ ಈಗಲೇ ಶುರು ಮಾಡು ಅನ್ನುವುದು.

ಸರ್‌ನೇಮ್ ಯಾವುದು ಅಂತ ಕೇಳಿದ್ದೀ. ಮನೆ ಹೆಸರೇ ಹಾಕು. ಅಪ್ಪನ ಹೆಸರು ಹಾಕಿದರೆ ಅವನಿಗೆ ಖುಷಿ, ಆದರೆ ಅಲ್ಲಿ ಆಫೀಸಿನಿಂದ ಆಸ್ಪತ್ರೆಯವರೆಗೆ ಎಲ್ಲರೂ ನಿನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ! ಅಣ್ಣ ಯಾವ ಸ್ಪೆಲಿಂಗ್ ಹಾಕಿದ್ದಾನೋ ಅದನ್ನೇ ಹಾಕು. ಅಕ್ಕ ಒಂದು, ತಮ್ಮ ಒಂದು ಬರೆದು ಜಾಗ ಪಾಲಾಗುವಾಗ ಒದ್ದಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇನ್ನು ಮದುವೆಯ ಮಾತು ನಡೆಯುತ್ತಿದೆ ಅಂತ ನಿನ್ನ ಅಮ್ಮ ಹೇಳಿದಳು. ಮದುವೆಯಾದರೆ ಹೆಸರು ಬದಲಾಯಿಸಲೇಬೇಕು ಅಂತ ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲ. ಹುಡುಗನ ಮನೆಯವರು ಕೇಳಿದರೆ ದೊಡ್ಡಪ್ಪ ಹೇಳಿದ್ದಾನೆ ಅನ್ನು.

ನಿನ್ನ ಹೆಸರಿನ ಮುಂದಿನ ಶ್ರೀ ಕೂಡ ಒಂದು ತಕರಾರು. ಇಲ್ಲಿನ ಶಾಲೆಯಲ್ಲಿ ಅದನ್ನು ಎಸ್, ಆರ್, ಇ, ಇ ಅಂತ ಬರೆದರು. ಮಂಗಳೂರಿನ ಕಾಲೇಜಿನವರು ಎಸ್, ಎಚ್, ಆರ್, ಐ ಮಾಡಿದರು. ಡಿಗ್ರಿ ಸರ್ಟಿಫಿಕೇಟಿನಲ್ಲಿ ಅದೇ ಕೂತಿದೆ. ಇದಕ್ಕೆ ಕೇರಳದಲ್ಲಿ ಒಂದು ದಾರಿಯಿದೆ, ಒನ್ ಆ್ಯಂಡ್ ಸೇಮ್ ಸರ್ಟಿಫಿಕೇಟ್. ಈ ಎರಡೂ ಹೆಸರಿನವಳು ಒಬ್ಬಳೇ ಅಂತ ವಿಲೇಜ್ ಆಫೀಸರ್ ಬರೆದುಕೊಡುತ್ತಾರೆ. ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಸಾಕು. ಅದನ್ನು ನಾನು ಮಾಡಿಸುತ್ತೇನೆ.

ಹೆಸರು ಚಿಕ್ಕದು ಮಾಡುವ ವಿಷಯ. ಆಫೀಸಿನವರ ಬಾಯಿಗೆ ಬರುವುದಿಲ್ಲ ಅಂದರೆ ಒಂದು ಚಿಕ್ಕ ಹೆಸರು ಹೇಳು, ಹಾಗೇ ಕರೆಯಲಿ. ಅದಕ್ಕೆ ಸರಕಾರದ ಮುದ್ರೆ ಯಾಕೆ? ಅಲ್ಲಿನ ಮ್ಯಾನೇಜರ್ ನಾಳೆ ಬದಲಾಗುತ್ತಾನೆ. ಈ ಮಾತು ನಿನಗೆ ಹಿಡಿಸಲಿಕ್ಕಿಲ್ಲ. ಪಿಆರ್ ಆಗಿ, ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕುವ ಹೊತ್ತಿಗೂ ಅದೇ ಹೆಸರು ಬೇಕು ಅನಿಸಿದರೆ ಆಗ ಮಾಡಿಕೋ, ನಾನು ಅಡ್ಡ ಬರುವುದಿಲ್ಲ.

ಅರ್ಜಿಯಲ್ಲಿ ಬೇರೆ ಹೆಸರು ಬಳಸಿದ್ದೀರಾ ಅಂತ ಕೇಳುತ್ತಾರೆ. ಎಲ್ಲ ಬರೆ. ಇನಿಶಿಯಲ್ ಇದ್ದದ್ದು, ಎರಡು ಶ್ರೀ, ಆಫೀಸಿನ ಚಿಕ್ಕ ಹೆಸರು, ಒಂದನ್ನೂ ಬಿಡಬೇಡ. ಹೆಸರು ಜಾಸ್ತಿ ಇದೆ ಅಂತ ಯಾರೂ ವಾಪಸ್ ಕಳಿಸುವುದಿಲ್ಲ. ಮುಚ್ಚಿಟ್ಟು ಸುಳ್ಳು ಹೇಳಿದಳು ಅಂತಾದರೆ 5 ವರ್ಷ ಬಾಗಿಲು ಹಾಕುತ್ತಾರೆ.

ಸರ್‌ನೇಮ್ ಸೇರಿಸಿದ ಪೂರ್ತಿ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದು ವಾಟ್ಸಾಪ್ ಮಾಡು. ಅಣ್ಣನ ಪಾಸ್‌ಪೋರ್ಟಿನ ಜೊತೆ ತಾಳೆ ನೋಡಿಯೇ ಪೇಪರಿಗೆ ಕೊಡುತ್ತೇನೆ. ಎಸ್ಸೆಸ್ಸೆಲ್ಸಿ ಪುಸ್ತಕದ ಮೊದಲ ಪುಟ, ಡಿಗ್ರಿ ಸರ್ಟಿಫಿಕೇಟ್ ಎರಡನ್ನೂ ಸ್ಕ್ಯಾನ್ ಮಾಡಿ ಕಳಿಸು, ಫೋಟೋ ಬೇಡ. ಶನಿವಾರದೊಳಗೆ ಬಂದರೆ ಒಳ್ಳೆಯದು, ಭಾನುವಾರ ಅಕ್ಷಯ ತೆರೆಯುವುದಿಲ್ಲ.

ಇಂತಿ,
ದೊಡ್ಡಪ್ಪ