ಮೀನಿನ ಗಾಳಕ್ಕೆ ಕಾಡುಕೋಳಿ ಗರಿ ಬೇಡ

ಸಂಪಾದಕರೇ,

ನಮ್ಮ ಕಡೆ ಈಗ ಹುಡುಗರು ರಾಡ್ ಹಿಡಿದು ಕಾಳಿ ಅಳಿವೆಗೆ ಹೋಗೋದು ಜಾಸ್ತಿಯಾಗಿದೆ, ಕೆಲವರು ಸಣ್ಣ ಮೀನಿನಂತೆ ಕಾಣಲು ಗರಿ ಸುತ್ತಿದ ಸ್ಟ್ರೀಮರ್ ಎಂಬ ಗಾಳವನ್ನು ಮನೆಯಲ್ಲೇ ಕಟ್ಟುತ್ತಾರೆ. ಒಳ್ಳೆಯದೇ. ಆದರೆ ಒಂದು ಮಾತು ಹೇಳಲೇಬೇಕು.

ಅಮೆರಿಕದ ಮೇನ್ ರಾಜ್ಯದ ಕ್ಯಾರಿ ಸ್ಟೀವನ್ಸ್ ಟೋಪಿ ಹೊಲಿಯುವ ಹೆಂಗಸು. 1924ರ ಜುಲೈ 1ರಂದು ತಾನೇ ಕಟ್ಟಿದ ಗಾಳದಲ್ಲಿ ಮೂರು ಕೆ.ಜಿ. ಮೀರಿದ ಟ್ರೌಟ್ ಹಿಡಿದರು. ಗಾಳವನ್ನು ಕಚ್ಚಿ ಹಿಡಿಯುವ ವೈಸ್ ಎಂಬ ಸಲಕರಣೆಯೂ ಇಲ್ಲ, ಗಾಳವನ್ನು ಬೆರಳಲ್ಲೇ ಹಿಡಿದು ಕಟ್ಟುತ್ತಿದ್ದರು! ಅವರ ಗ್ರೇ ಘೋಸ್ಟ್ ಎಂಬ ಸ್ಟ್ರೀಮರ್ ಇವತ್ತಿಗೂ ಹೆಸರುವಾಸಿ: ಮೈಗೆ ಕಿತ್ತಳೆ ರೇಷ್ಮೆ, ಅದರ ಮೇಲೆ ಬೆಳ್ಳಿ ಜರಿ, ಬೆನ್ನಿಗೆ ಬೂದು ಹುಂಜದ ಉದ್ದ ಗರಿ. ನೀರಲ್ಲಿ ಎಳೆದರೆ ಥೇಟ್ ಸಣ್ಣ ಮೀನೇ.

ಮೀನಿನ ಕಣ್ಣಿನಂತೆ ಕಾಣಲು ಅದರ ಕೆನ್ನೆಗೆ ಬೇಕಾಗುವ, ಮೇಣದಂತೆ ಹೊಳೆಯುವ ಚುಕ್ಕೆಯ ಗರಿ ನಮ್ಮ ಶಿರಸಿ ಕಾಡಿನ ಕಾಡುಕೋಳಿ ಹುಂಜದ ಕುತ್ತಿಗೆಯದು. ಬ್ರಿಟಿಷರ ಕಾಲದಲ್ಲಿ ಇದಕ್ಕಾಗಿಯೇ ಎಷ್ಟೋ ಹಕ್ಕಿ ಸತ್ತವು. ಈಗ ಅದರ ಬೇಟೆ ಅಪರಾಧ, ವಿದೇಶದವರು ಸಾಕಿದ ಹಕ್ಕಿಯ ಗರಿ ಬಳಸುತ್ತಾರೆ. ಹಾಗಿರುವಾಗ ಇಲ್ಲಿ ಯಾರೋ ಗುಟ್ಟಾಗಿ ಕಾಡುಕೋಳಿ ಗರಿ ಕೊಡ್ತೀನಿ ಅಂದರೆ ಯಾಕೆ ತಗೋಬೇಕು? ಕಣ್ಣು ಬೇಕಾದರೆ ಬಣ್ಣದಲ್ಲಿ ಚುಕ್ಕೆ ಇಟ್ಟು ವಾರ್ನಿಷ್ ಹಚ್ಚಿ, ಸಾಕು. ಬೆನ್ನಿಗೆ ನಾಟಿಕೋಳಿ ಹುಂಜದ ಗರಿ ಸಂತೆಯ ಕೋಳಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡ್ತಾರೆ. ಅಳಿವೆಯ ಉಪ್ಪುನೀರಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಗಾಳ ಆರಿಸಿ.

ಅರಣ್ಯ ಇಲಾಖೆಯವರು ಗಾಳದ ಸಾಮಾನು ಮಾರುವ ಅಂಗಡಿಗಳಲ್ಲಿ ಈ ಬಗ್ಗೆ ಒಂದು ಬೋರ್ಡ್ ಹಾಕಿಸಲಿ.

– ಓದುಗ, ಶಿರಸಿ