ಮೊಳೆಯಲ್ಲೇ ಉಳಿದ ಡಬ್ಬಿ

ಕಲಬುರಗಿ, ಭಾನುವಾರ ರಾತ್ರಿ

ಗೆಳೆಯಾ,

ಹೆಸರು ಹಾಕದೆ ಬರೆ, ನಾಲ್ಕು ಜನ ಓದಲಿ ಎಂದು ನೀನೇ ಹೇಳಿದೆ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. ನೀಲಿ ಕೊಡೆಯ ಆಣೆ, ಒಂದಕ್ಷರವೂ ಸುಳ್ಳಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು, ತೊಗರಿ ಸಾಲಿನ ಮುಂದೆ ಫೋಟೊ ತೆಗೆಸಿಕೊಂಡೆವು. ಪ್ರತಿ ವರ್ಷ ಆರು ಜನ, ಈ ಸಲ ಐದು. ಫೋಟೊ ನಮ್ಮ ವಾಟ್ಸಾಪ್ ಗುಂಪಿಗೂ ಹೋಯಿತು. ಆರನೆಯವನು ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ. ನೀನು ಕೋಣೆ ಬಿಟ್ಟು ಆಗಲೇ ಎರಡು ದಿನವಾಗಿತ್ತು.

ಗಮನಿಸಿದವಳು ಖಾನಾವಳಿಯ ಅವ್ವ. ನಿನ್ನ ಡಬ್ಬಿ ಮೊಳೆಯಲ್ಲೇ ತೂಗುತ್ತಿದೆಯಲ್ಲ ಎಂದು ನಮ್ಮವರಿಬ್ಬರನ್ನು ಕೇಳಿದ್ದಳಂತೆ. "ಊರಿಗೆ ಹೋಗಿರಬೇಕು" ಎಂದರಂತೆ ಇಬ್ಬರೂ.

ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಹಾಸಿಗೆ ಬಿಚ್ಚದೇ ಇದ್ದರೆ ರಾತ್ರಿ ಹತ್ತಕ್ಕೆಲ್ಲ ಹುಡುಕಾಟ ಶುರುವಾಗುತ್ತಿತ್ತು. ಈಗ ಒಬ್ಬೊಬ್ಬರಿಗೆ ಒಂದೊಂದು ಬಾಡಿಗೆ ಕೋಣೆ, ಒಂದೊಂದು ಪರೀಕ್ಷೆ. ಸುದ್ದಿಯಿಲ್ಲದಿದ್ದರೆ ಓದುತ್ತಿದ್ದಾನೆ, ತೊಂದರೆ ಕೊಡಬಾರದು ಎಂದುಕೊಳ್ಳುತ್ತೇವೆ. 1968ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಇಂಟರ್‌ಕಾಮ್‌ನಲ್ಲಿ ಮಾತಿಗೆ ಹಚ್ಚಿ, ನಡುವೆ ಒಬ್ಬನಿಗೆ ಮೂರ್ಛೆ ಬಂದಂಥ ದನಿ ಕೇಳಿಸಿದರು. ಕೇಳುತ್ತಿರುವವನು ತಾನೊಬ್ಬನೇ ಎಂದು ತಿಳಿದವರಲ್ಲಿ ಶೇ. 85ರಷ್ಟು ಜನ ಆ ದನಿ ನಿಲ್ಲುವ ಮೊದಲೇ ಎದ್ದು ನೆರವಿಗೆ ಕರೆದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದು ತಿಳಿದವರಲ್ಲಿ ಶೇ. 31. ಲೆಕ್ಕ ಹಾಕು: ನೀನು, ನಾನು, ಉಳಿದ ನಾಲ್ವರು. ಅಲ್ಲಿ ನರಳಾಟವಾದರೂ ಕೇಳಿಸುತ್ತಿತ್ತು; ನೀನು ಸದ್ದೇ ಮಾಡಲಿಲ್ಲ.

ಹದಿನೈದನೆಯ ದಿನ ಕಾಕಾ ಫೋನ್ ಮಾಡಿದರು. "ತಮ್ಮಾ, ಅವನು ನಿನ್ನ ಸಂಗಡ ಇದ್ದಾನೇನು?"

"ಇದ್ದಾನೆ ಕಾಕಾ, ಗ್ರಂಥಾಲಯಕ್ಕೆ ಹೋಗಿದ್ದಾನೆ."

ಯೋಚಿಸಲೇ ಇಲ್ಲ. ಸಿನಿಮಾಕ್ಕೆ ಹೋದಾಗಲೆಲ್ಲ ನಾವು ಒಬ್ಬರಿಗಾಗಿ ಇನ್ನೊಬ್ಬರು ಹೇಳುತ್ತ ಬಂದ ಸುಳ್ಳು ತಾನಾಗಿ ಬಾಯಿಗೆ ಬಂತು. "ಹಾಗಾದರೆ ಸರಿ ಬಿಡು" ಎಂದು ಅವರು ಉಸಿರು ಬಿಟ್ಟದ್ದು ನನಗೆ ಇನ್ನೂ ಕೇಳಿಸುತ್ತದೆ. ಕೂಡಲೇ ನಿನಗೆ ಕರೆ ಮಾಡಿದೆ, ಮೊಬೈಲ್ ಆಫ್ ಆಗಿತ್ತು. 24 ಗಂಟೆ ಕಾಯದೆ ಪೊಲೀಸರು ದೂರು ಬರೆದುಕೊಳ್ಳುವುದಿಲ್ಲ ಎಂದರು ಒಬ್ಬರು, ನಾನೂ ನಂಬಿದೆ. ಅಂಥ ನಿಯಮವೇ ಇಲ್ಲ. ಯಾವ ಠಾಣೆಗಾದರೂ ಆ ಕ್ಷಣವೇ ಹೋಗಬಹುದು, 112ಕ್ಕೆ ಕರೆ ಮಾಡಬಹುದು. ಓದುತ್ತಿರುವ ಉಳಿದವರೂ ಇದನ್ನು ನೆನಪಿಡಿ. ಕಾಕಾನಿಗೆ ನಿಜ ಹೇಳುವ ಧೈರ್ಯ ಬರಲು ನನಗೆ ಮತ್ತೆರಡು ದಿನ ಹಿಡಿಯಿತು.

ಇದಕ್ಕಿಂತ ಕೆಟ್ಟದ್ದೊಂದಿದೆ. ಒಂಬತ್ತನೆಯ ದಿನ ನಿನ್ನ ನೆನಪಾಗಿ ಸಂದೇಶ ಕಳಿಸಿದ್ದೆ. ಅದರ ಮುಂದೆ ಒಂದೇ ಗುರುತು ಬಿದ್ದಿತ್ತು, ಎರಡನೆಯದು ಬೀಳಲೇ ಇಲ್ಲ. ನೋಡಿದೆ, ಮೊಬೈಲ್ ಕೆಳಗಿಟ್ಟೆ. ಆಯ್ಕೆ ಪಟ್ಟಿಯಲ್ಲಿ ನನ್ನ ಹೆಸರಿತ್ತು, ನಿನ್ನದಿರಲಿಲ್ಲ. ನೀನು ಸಿಕ್ಕರೆ ಏನು ಮಾತಾಡಲಿ ಎಂಬ ಅಂಜಿಕೆ. ಸಿಗದಿದ್ದದ್ದು ನನಗೆ ಸಮಾಧಾನವನ್ನೇ ಕೊಟ್ಟಿತು. ಇಷ್ಟು ಬರೆಯಬೇಕೆಂದು ಕುಳಿತಿರಲಿಲ್ಲ. ಬರೆದಾಯಿತು, ಅಳಿಸುವುದಿಲ್ಲ.

ಹದಿನೇಳನೆಯ ದಿನ ಯಾರದೋ ಫೋನಿನಿಂದ ನಿನ್ನ ದನಿ ಬಂತು. ಗಾಣಗಾಪುರದಲ್ಲಿದ್ದೆ. ಭೀಮಾ, ಅಮರ್ಜಾ ಸಂಗಮದಲ್ಲಿ ಮುಳುಗೆದ್ದು ಮಧುಕರಿ ಬೇಡಿ ಉಣ್ಣುತ್ತಿದ್ದೆ. ನಮ್ಮದೇ ಜಿಲ್ಲೆ, ಬೆಳಿಗ್ಗೆ ಬಸ್ ಹತ್ತಿದರೆ ಸಂಜೆಯೊಳಗೆ ಮರಳಬಹುದಾದ ಊರು. ಗುರುತಿಲ್ಲದ ಮನೆಗಳವರು ನಿನ್ನ ಜೋಳಿಗೆಗೆ ದಿನವೂ ರೊಟ್ಟಿ ಹಾಕಿದರು.

ಸಾಕು. ಶನಿವಾರ ಸಂಜೆ ಅಪ್ಪನ ಕೆರೆಯ ದಂಡೆಗೆ ಬಾ. ಮಿರ್ಚಿ ನಾನು ತರುತ್ತೇನೆ, ಏಳನೆಯದು ನಿನಗೇ. ಅವ್ವ ನಿನ್ನ ಡಬ್ಬಿಯನ್ನು ತಿಕ್ಕಿ ತೊಳೆದು ಅದೇ ಮೊಳೆಗೆ ಹಾಕಿದ್ದಾಳೆ. ಮಳೆಯಿಲ್ಲದಿದ್ದರೂ ಕೊಡೆ ತಾ.

ನಿನ್ನವನು