ಮುಂದಿನ ಅಪ್‌ಡೇಟ್‌ನಿಂದ ನಿಮ್ಮ ಫೇವರಿಟ್ ಲಿಸ್ಟ್ ನಾವು ಮುಟ್ಟಲ್ಲ

ಎಲ್ಲರಿಗೂ ನಮಸ್ಕಾರ,

ಎನಿಗ್ಮಾ2 ಸಾಫ್ಟ್‌ವೇರ್ ಮೇಲೆ ಓಡೋ ಸ್ಯಾಟಲೈಟ್ ಟಿವಿ ರಿಸೀವರ್ (ಬಾಕ್ಸ್) ಇಟ್ಕೊಂಡು ನಮ್ಮ ಹತ್ರ ಚಾನಲ್ ಲಿಸ್ಟ್ ತಗೊಳ್ತಿರೋರಿಗೆಲ್ಲ ಈ ಪತ್ರ. ಇಲ್ಲೀವರೆಗೂ ಪ್ರತಿ ಅಪ್‌ಡೇಟ್‌ಗೂ ಒಂದು ಝಿಪ್ ಕಳಿಸ್ತಿದ್ವಿ, ನೀವು ಅದನ್ನ ಬಾಕ್ಸ್ ಒಳಗಿನ ಎನಿಗ್ಮಾ2 ಫೋಲ್ಡರ್ ಮೇಲೆ ಹಾಗೇ ಸುರಿತಿದ್ರಿ, ರೀಸ್ಟಾರ್ಟ್ ಮಾಡಿದ್ರೆ ಮುಗೀತು. ಮುಂದಿನ ಅಪ್‌ಡೇಟ್‌ನಿಂದ ಆ ಪೂರ್ತಿ ಫೋಲ್ಡರ್ ಝಿಪ್ ನಿಲ್ಲಿಸ್ತಿದೀವಿ. ಬರೀ ನಮ್ಮ ಫೈಲ್‌ಗಳು ಮತ್ತು ಒಂದು ಚಿಕ್ಕ ಸ್ಕ್ರಿಪ್ಟ್ ಬರುತ್ತೆ. ಯಾಕೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀವಿ, ಯಾಕಂದ್ರೆ ಫೋಲ್ಡರ್ ಒಳಗೆ ಯಾವ ಫೈಲ್ ಏನು ಮಾಡುತ್ತೆ ಅಂತ ಗೊತ್ತಿದ್ರೆ ಮುಂದೆ ನಿಮಗೇ ಅನುಕೂಲ.

ಕಳೆದ ಅಪ್‌ಡೇಟ್ ಆದ್ಮೇಲೆ ಒಬ್ಬ ಗ್ರಾಹಕರು ಫೋನ್ ಮಾಡಿದ್ರು. ಅವರ ತಾಯಿಗೆ ಕಣ್ಣು ಸರಿಯಾಗಿ ಕಾಣಲ್ಲ, ರಿಮೋಟ್‌ನಲ್ಲಿ ಬಟನ್ ಮುಟ್ಟಿ ನೋಡ್ಕೊಂಡೇ ಚಾನಲ್ ಹಾಕೋದು, 7 ಒತ್ತಿದ್ರೆ ನ್ಯೂಸ್, 12 ಒತ್ತಿದ್ರೆ ಭಜನೆ ಬರೋ ಚಾನಲ್. ಮಗ ಕೂತ್ಕೊಂಡು ಅಮ್ಮನಿಗೋಸ್ಕರ ಮಾಡಿಟ್ಟಿದ್ದ ಲಿಸ್ಟ್ ಅದು. ನಮ್ಮ ಝಿಪ್ ಹಾಕಿದ ಮೇಲೆ ಅದು ಪೂರ್ತಿ ಹೋಗಿತ್ತು, 7 ಒತ್ತಿದ್ರೆ ಬೇರೆ ಯಾವುದೋ ಭಾಷೆಯ ಶಾಪಿಂಗ್ ಚಾನಲ್. ಅವರು ಬೈಲಿಲ್ಲ, ಆದ್ರೆ ಅಮ್ಮ ನಾಲ್ಕು ದಿನದಿಂದ ಟಿವಿ ಹಾಕೇ ಇಲ್ಲ ಅಂದ್ರು, ಅದು ನಮಗೆ ತುಂಬಾ ಚುಚ್ಚಿತು. ತಪ್ಪು ನಮ್ಮದೇ. ಅವರಿಗೂ, ಇದೇ ತರ ಲಿಸ್ಟ್ ಕಳ್ಕೊಂಡ ಬೇರೆಯವರಿಗೂ ಕ್ಷಮೆ ಕೇಳ್ತೀವಿ.

ಆಗಿದ್ದೇನು ಅಂದ್ರೆ, ಆ ಫೋಲ್ಡರ್‌ನಲ್ಲಿ ನಮಗೆ ಸೇರಿದ್ದು, ನಿಮಗೆ ಸೇರಿದ್ದು ಎರಡೂ ಒಟ್ಟಿಗೇ ಇರುತ್ತೆ. ಲ್ಯಾಮ್‌ಡಿಬಿ ಅನ್ನೋ ಫೈಲ್ ಇದೆಯಲ್ಲ ಅದು ದೊಡ್ಡ ರಿಜಿಸ್ಟರ್ ಇದ್ದಂಗೆ, ಮೊದಲ ಭಾಗದಲ್ಲಿ ಟ್ರಾನ್ಸ್‌ಪಾಂಡರ್‌ಗಳ (ಸ್ಯಾಟಲೈಟ್‌ನಿಂದ ಚಾನಲ್‌ಗಳ ಗುಂಪನ್ನ ಕೆಳಗೆ ಕಳಿಸೋ ಪ್ರಸಾರ ಘಟಕಗಳು) ವಿವರ, ಅಂದ್ರೆ ಫ್ರೀಕ್ವೆನ್ಸಿ, ಸಿಂಬಲ್ ರೇಟ್, ಪೋಲರೈಸೇಶನ್ ಇತ್ಯಾದಿ, ಎರಡನೇ ಭಾಗದಲ್ಲಿ ಆ ಟ್ರಾನ್ಸ್‌ಪಾಂಡರ್‌ಗಳ ಮೇಲಿರೋ ಚಾನಲ್‌ಗಳ ಹೆಸರು. ಯೂಸರ್‌ಬೊಕೆ ಅಂತ ಶುರುವಾಗೋ ಫೈಲ್‌ಗಳು ಒಂದೊಂದು ಲಿಸ್ಟ್ (ಬೊಕೆ ಅಂದ್ರೆ ಚಾನಲ್ ಲಿಸ್ಟ್), ಅದರಲ್ಲಿ ಚಾನಲ್ ಯಾವ ಕ್ರಮದಲ್ಲಿ ಬರ್ಬೇಕು ಅಂತ ಸಾಲು ಸಾಲಾಗಿ ಇರುತ್ತೆ. ಬೊಕೆಟ್ಸ್.ಟಿವಿ ಅನ್ನೋದು ಆ ಲಿಸ್ಟ್‌ಗಳದ್ದೇ ಲಿಸ್ಟ್, ಯಾವ ಬೊಕೆ ಮೊದಲು ಯಾವುದು ಆಮೇಲೆ ಅಂತ. ಇನ್ನೊಂದು ಸೆಟ್ಟಿಂಗ್ಸ್ ಅಂತ, ಅದರಲ್ಲಿ ನಿಮ್ಮ ಟ್ಯೂನರ್, ಡೈಸೆಕ್ ಸ್ವಿಚ್‌ನ (ಹಲವು ಸ್ಯಾಟಲೈಟ್‌ಗಳ ಕೇಬಲ್‌ಗಳಲ್ಲಿ ಒಂದನ್ನ ಆರಿಸೋ ಸ್ವಿಚ್) ಯಾವ ಪೋರ್ಟ್‌ಗೆ ಯಾವ ಸ್ಯಾಟಲೈಟ್ ಅನ್ನೋದೆಲ್ಲ ಇರುತ್ತೆ. ಇದನ್ನೂ ಸೇರಿಸಿ ನಾವು ಝಿಪ್ ಮಾಡ್ತಿದ್ವಿ ನೋಡಿ, ಅದಕ್ಕೇ ಕೆಲವರಿಗೆ ಅಪ್‌ಡೇಟ್ ಆದ ಕೂಡಲೇ ಸಿಗ್ನಲ್ಲೇ ಹೋಗಿದ್ದು, ಡಿಶ್ ಸರಿಯಾಗೇ ಇತ್ತು, ಬಾಕ್ಸ್ ಮಾತ್ರ ನಮ್ಮ ಟೆಸ್ಟ್ ಬಾಕ್ಸ್‌ನ ಪೋರ್ಟ್ ಲೆಕ್ಕದಲ್ಲಿ ಹುಡುಕ್ತಿತ್ತು.

ಈಗ ಬೊಕೆ ಫೈಲ್ ಒಳಗಿನ ಒಂದು ಸಾಲು ನೋಡೋಣ. ತೋರಿಸೋಕೆ ಅಂತ ನಾವೇ ಬರೆದದ್ದು ಇದು:

1:0:19:2135:1100:13E:820000:0:0:0:

ಮೊದಲು ನೋಡಿದಾಗ ತಲೆ ತಿರುಗುತ್ತೆ, ಆದ್ರೆ ಬಿಡಿಸಿದ್ರೆ ಸುಲಭ. ಮೂರನೇ ಜಾಗದ 19 ಅಂದ್ರೆ ಎಚ್‌ಡಿ ಚಾನಲ್, ಅಲ್ಲಿ 1 ಇದ್ರೆ ಮಾಮೂಲಿ ಎಸ್‌ಡಿ, 2 ಇದ್ರೆ ರೇಡಿಯೋ. ನಾಲ್ಕನೇದು ಚಾನಲ್‌ನ ಸರ್ವಿಸ್ ಐಡಿ, ಐದನೇದು ಅದು ಕೂತಿರೋ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ (ಒಂದು ಟ್ರಾನ್ಸ್‌ಪಾಂಡರ್‌ನಿಂದ ಒಟ್ಟಿಗೇ ಬರೋ ಚಾನಲ್‌ಗಳ ಗುಂಪು), ಆರನೇದು ನೆಟ್‌ವರ್ಕ್. ಏಳನೇದು ಸ್ಯಾಟಲೈಟ್ ಎಲ್ಲಿದೆ ಅನ್ನೋದು, 13 ಡಿಗ್ರಿ ಪೂರ್ವ ಅಂದ್ರೆ ಹತ್ತರಿಂದ ಗುಣಿಸಿ 130, ಅದನ್ನ ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದ ಸಂಖ್ಯಾ ಪದ್ಧತಿ) ಬರೆದ್ರೆ 82, ಹಿಂದೆ ನಾಲ್ಕು ಸೊನ್ನೆ ಸೇರಿ 820000. ಪಶ್ಚಿಮದಲ್ಲಿರೋ ಸ್ಯಾಟಲೈಟ್ ಆದ್ರೆ ಹತ್ತರಿಂದ ಗುಣಿಸಿದ್ದನ್ನ 3600ರಿಂದ ಕಳೆದು ಬರೀತಾರೆ. ಗಮನಿಸಿ, ಈ ಸಾಲಲ್ಲಿ ಚಾನಲ್ ಹೆಸರೂ ಇಲ್ಲ, ಫ್ರೀಕ್ವೆನ್ಸಿಯೂ ಇಲ್ಲ. ಅದನ್ನ ಬಾಕ್ಸ್ ಲ್ಯಾಮ್‌ಡಿಬಿಯಿಂದ ಹುಡುಕಿ ತಗೊಳ್ಳುತ್ತೆ. ಹಾಗಾಗಿ ಚಾನಲ್‌ನೋರು ಬೇರೆ ಟ್ರಾನ್ಸ್‌ಪಾಂಡರ್‌ಗೆ ಹೋದ್ರೆ ಐದನೇ ಜಾಗದ ನಂಬರ್ ಬದಲಾಗುತ್ತೆ, ನಿಮ್ಮ ಫೇವರಿಟ್‌ನಲ್ಲಿರೋ ಹಳೇ ಸಾಲು ಎಲ್ಲೂ ಹೊಂದಲ್ಲ, ಚಾನಲ್ ಆಕಾಶದಲ್ಲಿ ಇದ್ರೂ ನಿಮಗೆ ಸಿಗಲ್ಲ.

ಇನ್ನು ರಿಮೋಟ್‌ನಲ್ಲಿ ಒತ್ತೋ ನಂಬರ್. ಅದು ಯಾವ ಫೈಲ್‌ನಲ್ಲೂ ಬರೆದಿಟ್ಟಿರಲ್ಲ! ಸಾಮಾನ್ಯವಾಗಿ ಬಾಕ್ಸ್ ಮೊದಲ ಬೊಕೆಯ ಮೊದಲ ಸಾಲಿನಿಂದ 1, 2, 3 ಅಂತ ಎಣಿಸ್ಕೊಂಡು ಹೋಗುತ್ತೆ, ಒಂದು ಬೊಕೆ ಮುಗಿದ್ರೆ ಮುಂದಿನದರಲ್ಲಿ ಎಣಿಕೆ ಮುಂದುವರಿಯುತ್ತೆ. ಅಂದ್ರೆ ನಿಮ್ಮ ಫೇವರಿಟ್‌ಗಿಂತ ಮುಂಚೆ ನಮ್ಮದೊಂದು ಬೊಕೆ ಬಂದು ಕೂತ್ರೆ ಸಾಕು, ನಿಮ್ಮ ಫೈಲ್ ಒಂದಕ್ಷರ ಬದಲಾಗದಿದ್ರೂ 7 ಹೋಗಿ 107 ಆಗ್ಬಹುದು. ಮಧ್ಯದಲ್ಲಿ ಒಂದು ಸಾಲು ಅಳಿಸಿದ್ರೂ ಅಷ್ಟೇ, ಕೆಳಗಿನವೆಲ್ಲ ಒಂದೊಂದು ಮೇಲೆ ಸರಿಯುತ್ತೆ. ನಾವು ಇಷ್ಟು ವರ್ಷ ಲಿಸ್ಟ್ ಮಾಡ್ತಿದ್ರೂ ಈ ನಂಬರ್ ಜನರಿಗೆ ಎಷ್ಟು ಮುಖ್ಯ ಅಂತ ಯೋಚನೇನೇ ಮಾಡಿರ್ಲಿಲ್ಲ.

ಹಾಗಾಗಿ ಹೊಸ ವ್ಯವಸ್ಥೆ ಹೀಗೆ. ನಮ್ಮ ಬೊಕೆ ಫೈಲ್‌ಗಳ ಹೆಸರಲ್ಲೆಲ್ಲ ಪಟ್ಟಿ01, ಪಟ್ಟಿ02 ಅಂತ ಇರುತ್ತೆ, ಅಪ್‌ಡೇಟ್ ಮಾಡೋವಾಗ ಬೊಕೆಗಳಲ್ಲಿ ಅವನ್ನ ಮಾತ್ರ ಬದಲಾಯಿಸ್ತೀವಿ, ನೀವು ಮಾಡಿದ ಬೊಕೆ, ಫೇವರಿಟ್, ಸೆಟ್ಟಿಂಗ್ಸ್ ಯಾವುದಕ್ಕೂ ಕೈ ಹಾಕಲ್ಲ. ಬೊಕೆಟ್ಸ್.ಟಿವಿಯಲ್ಲಿ ನಮ್ಮ ಸಾಲುಗಳು ಯಾವಾಗಲೂ ಕೊನೆಗೇ ಸೇರ್ತವೆ, ನಿಮ್ಮವು ಮೇಲೆ. ಲ್ಯಾಮ್‌ಡಿಬಿಯನ್ನ ಸ್ಕ್ರಿಪ್ಟ್ ಎರಡೂ ಕಡೆಯಿಂದ ಓದಿ ಸೇರಿಸುತ್ತೆ, ನೀವೇ ಸ್ಕ್ಯಾನ್ ಮಾಡಿ ಹುಡುಕಿದ ಚಾನಲ್ ನಮ್ಮ ಹತ್ರ ಇಲ್ಲದಿದ್ರೆ ಅದು ಉಳಿಯುತ್ತೆ, ಎರಡರಲ್ಲೂ ಇದ್ರೆ ನಮ್ಮದು ತಗೊಳ್ಳುತ್ತೆ. ನಮ್ಮ ಪಟ್ಟಿಯಲ್ಲಿ ಒಂದು ಚಾನಲ್ ಮುಚ್ಚಿ ಹೋದ್ರೆ ಆ ಸಾಲು ಕಿತ್ತು ಹಾಕೋ ಬದಲು ಅಲ್ಲಿ 1:832 ಅಂತ ಶುರುವಾಗೋ ಸಾಲು ಇಡ್ತೀವಿ. ಅದು ಟಿವಿ ಪರದೆಯಲ್ಲಿ ಕಾಣಲ್ಲ, ಆದ್ರೆ ಎಣಿಕೆಯಲ್ಲಿ ಒಂದು ನಂಬರ್ ಹಿಡ್ಕೊಂಡು ಕೂತಿರುತ್ತೆ, ಕೆಳಗಿನ ಚಾನಲ್‌ಗಳ ನಂಬರ್ ಅಲುಗಾಡಲ್ಲ.

ಇದರಲ್ಲಿ ನಿಮಗೆ ಸ್ವಲ್ಪ ಕೆಲಸ ಜಾಸ್ತಿ ಆಗುತ್ತೆ, ಅದನ್ನೂ ಈಗಲೇ ಹೇಳ್ಬಿಡ್ತೀವಿ. ನಿಮ್ಮ ಫೇವರಿಟ್ ನಾವು ಮುಟ್ಟಲ್ಲ ಅಂದ್ಮೇಲೆ ಅದರೊಳಗೆ ಸತ್ತು ಹೋದ ಸಾಲುಗಳನ್ನ ನಾವು ಸರಿ ಮಾಡೋಕೂ ಆಗಲ್ಲ. ಅದಕ್ಕೆ ಪ್ರತಿ ಅಪ್‌ಡೇಟ್ ಜೊತೆ ಒಂದು ಚಿಕ್ಕ ಟೆಕ್ಸ್ಟ್ ಫೈಲ್ ಕೊಡ್ತೀವಿ, ಯಾವ ಚಾನಲ್‌ನ ಹಳೇ ಸಾಲು ಯಾವುದು ಹೊಸ ಸಾಲು ಯಾವುದು ಅಂತ. ನಿಮ್ಮ ಲಿಸ್ಟ್‌ನಲ್ಲಿ ಅದು ಇದ್ರೆ ಅದೇ ಜಾಗದಲ್ಲಿ ಬದಲಾಯಿಸ್ಕೊಳ್ಳಿ, ನಂಬರ್ ಹಾಗೇ ಇರುತ್ತೆ. ಕಂಪ್ಯೂಟರ್‌ನಲ್ಲಿ ತೆಗೆದು ತಿದ್ದೋರು ಒಂದು ಗಮನ ಇಡಿ, ಫೈಲ್ ಯುಟಿಎಫ್‌-8ನಲ್ಲಿ, ಸಾಲಿನ ಕೊನೆ ಯುನಿಕ್ಸ್ ಸ್ಟೈಲ್‌ನಲ್ಲೇ ಸೇವ್ ಆಗ್ಬೇಕು, ವಿಂಡೋಸ್ ಸ್ಟೈಲ್‌ನಲ್ಲಿ ಸೇವ್ ಆದ್ರೆ ಕಣ್ಣಿಗೆ ಕಾಣದ ಒಂದು ಅಕ್ಷರ ಪ್ರತಿ ಸಾಲಿನ ಕೊನೆಗೂ ಸೇರ್ಕೊಂಡು ಲಿಸ್ಟ್ ಕೆಡ್ಬಹುದು.

ಇನ್ನೊಂದು, ಬಾಕ್ಸ್ ಓಡ್ತಿರೋವಾಗ ಫೈಲ್ ಹಾಕಿ ಮಾಮೂಲಿ ರೀಸ್ಟಾರ್ಟ್ ಕೊಡ್ಬೇಡಿ. ಎನಿಗ್ಮಾ2 ಆಫ್ ಆಗೋವಾಗ ಮೆಮೊರಿಯಲ್ಲಿರೋ ಹಳೇದನ್ನ ಡಿಸ್ಕ್‌ಗೆ ವಾಪಸ್ ಬರೆದ್ಬಿಡುತ್ತೆ, ನೀವು ಹಾಕಿದ ಹೊಸದು ಮಾಯ. ಹಾಕಿದೆ ಆದ್ರೆ ಏನೂ ಬದಲಾಗಿಲ್ಲ ಅಂತ ಬರೋ ಫೋನ್‌ಗಳಲ್ಲಿ ಹೆಚ್ಚಿನವು ಇದೇ. ಸ್ಕ್ರಿಪ್ಟ್ ಬಳಸಿದ್ರೆ ಅದೇ ಎನಿಗ್ಮಾ2 ನಿಲ್ಲಿಸಿ, ಫೈಲ್ ಹಾಕಿ, ಮತ್ತೆ ಶುರು ಮಾಡುತ್ತೆ. ಕೈಯಲ್ಲೇ ಮಾಡೋರು ಟೆಲ್‌ನೆಟ್‌ನಲ್ಲಿ (ಕಂಪ್ಯೂಟರ್‌ನಿಂದ ನೆಟ್‌ವರ್ಕ್ ಮೂಲಕ ಬಾಕ್ಸ್‌ಗೆ ಕಮಾಂಡ್ ಕೊಡೋ ದಾರಿ) ನಿಲ್ಲಿಸೋಕೆ ಇನಿಟ್ 4 ಕೊಟ್ಟು, ಕಾಪಿ ಮಾಡಿ, ಆಮೇಲೆ ಶುರು ಮಾಡೋಕೆ ಇನಿಟ್ 3 ಕೊಡಿ.

ಮೊದಲ ಸಲ ಹೊಸ ಅಪ್‌ಡೇಟ್ ಹಾಕೋ ಮುಂಚೆ ದಯವಿಟ್ಟು ಎನಿಗ್ಮಾ2 ಫೋಲ್ಡರ್ ಪೂರ್ತಿ ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಕೊಳ್ಳಿ. ಹೊಸ ಬಾಕ್ಸ್ ತಗೊಂಡು ಖಾಲಿಯಿಂದ ಶುರು ಮಾಡೋರಿಗೆ ಹಳೇ ತರದ ಪೂರ್ತಿ ಝಿಪ್ ಬೇಕಿದ್ರೆ ಕೇಳಿ, ಸೆಟ್ಟಿಂಗ್ಸ್ ಫೈಲ್ ತೆಗೆದು ಕಳಿಸ್ತೀವಿ. ಕಳೆದ ಸಲ ಫೇವರಿಟ್ ಕಳ್ಕೊಂಡೋರು ಹಳೇ ಬ್ಯಾಕಪ್ ಏನಾದ್ರೂ ಉಳಿದಿದ್ರೆ ನಮಗೆ ಕಳಿಸಿ, ಕೂತು ಹೊಂದಿಸಿ ವಾಪಸ್ ಕೊಡ್ತೀವಿ. ಬ್ಯಾಕಪ್ ಇಲ್ಲದಿದ್ರೆ ಯಾವ ನಂಬರ್‌ಗೆ ಯಾವ ಚಾನಲ್ ಇತ್ತು ಅಂತ ಒಂದು ಹಾಳೆಯಲ್ಲಿ ಬರೆದು ಫೋಟೋ ಕಳಿಸಿದ್ರೂ ಸಾಕು. ಆ ಅಮ್ಮನ ಲಿಸ್ಟ್ ನಾವು ಹಾಗೇ ಮಾಡಿಕೊಟ್ಟಿದ್ದು.

ನಿಮ್ಮ ಲಿಸ್ಟ್ ಟೀಮ್